ಡಿಕ್ರಿ ಕೈಗೆ ಬಂತು, ದುಡ್ಡು ಯಾವಾಗ?

ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ ಅಂದುಕೊಳ್ಳಿ. ಊರು ತಿಪಟೂರು ಎಂದಿಟ್ಟುಕೊಳ್ಳೋಣ. ರಿಟೈರ್ ಆದಾಗ ಬಂದ ಹಣದಲ್ಲಿ 5 ಲಕ್ಷ ರೂಪಾಯಿಯನ್ನು ಪರಿಚಯದವನೊಬ್ಬನಿಗೆ ಪ್ರೋನೋಟ್ ಬರೆಸಿಕೊಂಡು ಕೊಟ್ಟರು. ಅವನು ವಾಪಸ್ ಕೊಡಲಿಲ್ಲ. ಮೇಷ್ಟ್ರು ಕೇಸು ಹಾಕಿದರು, ವರ್ಷಗಟ್ಟಲೆ ಓಡಾಡಿದರು. ಕೊನೆಗೆ ತೀರ್ಪು ಇವರ ಪರ ಆಯಿತು. ಅವತ್ತು ಮನೆಯಲ್ಲಿ ಪಾಯಸ ಮಾಡಿದರು. ಒಂದು ತಿಂಗಳು ಕಳೆಯಿತು, ಆರು ತಿಂಗಳು ಕಳೆಯಿತು. ಒಂದು ರೂಪಾಯಿಯೂ ಬರಲಿಲ್ಲ. ವಕೀಲರನ್ನು ಕೇಳಿದರೆ, "ಈಗ ಎಕ್ಸಿಕ್ಯೂಷನ್ ಹಾಕಬೇಕು ಸಾರ್" ಎಂದರು.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಗೆದ್ದ ಮೇಲೆ ಮತ್ತೆ ಇನ್ನೊಂದು ಕೇಸಾ?

ಹೌದು. ಹೆಚ್ಚುಕಮ್ಮಿ ಇನ್ನೊಂದು ಕೇಸೇ. ಕೋರ್ಟು ಕೊಡುವ ಡಿಕ್ರಿ "ಇವನು ಇವರಿಗೆ ಇಷ್ಟು ಕೊಡಬೇಕು" ಎಂದು ಹೇಳುತ್ತದೆ, ಅಷ್ಟೆ. ಕೊಡಿಸುವ ಕೆಲಸ ಬೇರೆ. ಅದಕ್ಕೆ ಗೆದ್ದವರೇ ಮತ್ತೆ ಅರ್ಜಿ ಹಾಕಬೇಕು. ಕೋರ್ಟಿನ ಕನ್ನಡದಲ್ಲಿ ಇದಕ್ಕೆ ಅಮಲ್ಜಾರಿ ಅರ್ಜಿ ಎನ್ನುತ್ತಾರೆ. ವಕೀಲರ ಬಾಯಲ್ಲಿ ಅದು ಇ.ಪಿ., ಅಂದರೆ ಎಕ್ಸಿಕ್ಯೂಷನ್ ಪಿಟಿಷನ್. ಗೆದ್ದವರು ಡಿಕ್ರಿದಾರರು, ಸೋತವನು ತೀರ್ಪು ಋಣಿ. 1872ರಷ್ಟು ಹಿಂದೆಯೇ, ಬಿಹಾರದ ದರ್ಭಾಂಗದ ಒಂದು ಕೇಸಿನಲ್ಲಿ, ಆಗ ಭಾರತದ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ಮಾತು ಹೇಳಿತ್ತು: ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ. ಒಂದೂವರೆ ಶತಮಾನ ಕಳೆದರೂ ನಮ್ಮ ಸುಪ್ರೀಂ ಕೋರ್ಟು ಅದೇ ಮಾತನ್ನು ಮತ್ತೆ ಮತ್ತೆ ನೆನಪಿಸುತ್ತಿದೆ.

ಈ ಕಷ್ಟಕ್ಕೆ ಕೋರ್ಟುಗಳ ನಿಧಾನವೇ ಕಾರಣ ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ನಿಧಾನ ಇರುವುದು ನಿಜ. ಆದರೆ ನನಗೆ ಕಾಣುವ ದೊಡ್ಡ ತೊಂದರೆ ಬೇರೆ. ಜಪ್ತಿ ಮಾಡುವುದು ಹೇಗೆ ಎಂದು ಕೋರ್ಟಿಗೆ ಚೆನ್ನಾಗಿ ಗೊತ್ತು. ಯಾವುದನ್ನು ಜಪ್ತಿ ಮಾಡಬೇಕು ಎಂದು ಗೊತ್ತಿಲ್ಲ. ಅದನ್ನು ಹುಡುಕಿಕೊಡುವ ಭಾರ ಪೂರ್ತಿ ಗೆದ್ದವರ ತಲೆ ಮೇಲೆ ಬಿದ್ದಿದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ ಇದರ ನಿಯಮಗಳೆಲ್ಲ ಇವೆ. ಒಟ್ಟು 106 ನಿಯಮ. ಮನೆ, ಜಮೀನು ಜಪ್ತಿ ಮಾಡಿಸಬೇಕಾದರೆ ಅದರ ಚೆಕ್ಕುಬಂದಿ ಅಥವಾ ಸರ್ವೆ ನಂಬರು, ಅದರಲ್ಲಿ ಸಾಲಗಾರನ ಪಾಲು ಎಷ್ಟು ಎಂಬುದನ್ನು ಅರ್ಜಿದಾರರೇ ಬರೆದುಕೊಡಬೇಕು. ಬ್ಯಾಂಕ್ ಖಾತೆಯಾದರೆ ಯಾವ ಬ್ಯಾಂಕು, ಯಾವ ಶಾಖೆ ಎಂದು ಹೇಳಬೇಕು. ಮೇಷ್ಟ್ರು ಇದನ್ನೆಲ್ಲ ಎಲ್ಲಿಂದ ತರಬೇಕು? ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ಸಿಗುತ್ತದೆ, ಭೂಮಿ ತಾಣದಲ್ಲಿ ಪಹಣಿ ಸಿಗುತ್ತದೆ. ಆದರೆ ಪಹಣಿ ನೋಡಬೇಕಾದರೆ ಊರು, ಸರ್ವೆ ನಂಬರು ಮೊದಲೇ ಗೊತ್ತಿರಬೇಕು. ಸಾಲಗಾರ ಪಕ್ಕದ ಜಿಲ್ಲೆಯಲ್ಲಿ ಎರಡು ಎಕರೆ ತೆಂಗಿನ ತೋಟ ಮಾಡಿಟ್ಟಿದ್ದರೆ ಅದು ಇವರ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಂಕ್ ಖಾತೆಯ ವಿಷಯವಂತೂ ಕೇಳಲೇಬೇಡಿ. ಕೊನೆಗೆ ಸಂಬಂಧಿಕರನ್ನು, ಅಕ್ಕಪಕ್ಕದವರನ್ನು, ಅವನ ಹಳೆಯ ಡ್ರೈವರನ್ನು ಮಾತಾಡಿಸುತ್ತಾ ಪತ್ತೇದಾರಿ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಎಪ್ಪತ್ತರ ವಯಸ್ಸಿನ ಮನುಷ್ಯ ಮಾಡುವ ಕೆಲಸವಾ ಅದು?

ಹಾಗಂತ ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಇದೇ 21ನೇ ಆದೇಶದ 41ನೇ ನಿಯಮ ಓದಿ ನೋಡಿ. ಹಣದ ಡಿಕ್ರಿ 30 ದಿನವಾದರೂ ತೀರದಿದ್ದರೆ, ತನ್ನ ಆಸ್ತಿಪಾಸ್ತಿ ಏನೇನಿದೆ ಎಂದು ಅಫಿಡವಿಟ್ ಹಾಕುವಂತೆ ಕೋರ್ಟು ಸಾಲಗಾರನಿಗೆ ಆದೇಶ ಮಾಡಬಹುದು. ಅವನನ್ನು ಕಟಕಟೆಗೆ ಕರೆಸಿ ಪ್ರಶ್ನೆ ಕೇಳಬಹುದು. ಆದೇಶ ಮೀರಿದರೆ 3 ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಹುಡುಕುವ ಭಾರವನ್ನು ಗೆದ್ದವರ ಹೆಗಲಿಂದ ಇಳಿಸಿ ಸೋತವನ ಹೆಗಲಿಗೆ ಹಾಕುವ ನಿಯಮ ಇದು. ಇಷ್ಟು ಒಳ್ಳೆಯ ಅಸ್ತ್ರ ಇಟ್ಟುಕೊಂಡು, ಅಮಲ್ಜಾರಿ ಅರ್ಜಿಯಲ್ಲಿ ಮೊದಲು ಬರೆಯುವುದು "ಚರಾಸ್ತಿ ಜಪ್ತಿ" ಎಂದು. ಕೋರ್ಟಿನ ಅಮೀನರು ಮನೆಗೆ ಹೋಗುತ್ತಾರೆ. ಬಾಗಿಲಿಗೆ ಬೀಗ ಇರುತ್ತದೆ, ಇಲ್ಲವೆ "ಇದೆಲ್ಲ ನನ್ನ ತಮ್ಮನದು" ಎಂಬ ಉತ್ತರ ಸಿಗುತ್ತದೆ. ವಾರಂಟು ಹಾಗೇ ವಾಪಸ್ ಬರುತ್ತದೆ. ಮತ್ತೆ ಬ್ಯಾಟಾ (ಅಮೀನರ ಓಡಾಟದ ಖರ್ಚು) ಕಟ್ಟಬೇಕು, ಮತ್ತೆ ಮುಂದಿನ ತಾರೀಖು. ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ: ನಿಮ್ಮ ವಕೀಲರ ಹತ್ತಿರ 41ನೇ ನಿಯಮದ ಅಫಿಡವಿಟ್ ಬಗ್ಗೆ ಕೇಳಿ.

ಎಲ್ಲವನ್ನೂ ಜಪ್ತಿ ಮಾಡಲು ಬರುವುದಿಲ್ಲ, ಬರಬಾರದು ಕೂಡ. ಉಟ್ಟ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ ಮುಟ್ಟುವಂತಿಲ್ಲ. ಧರ್ಮದ ಪ್ರಕಾರ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ತಾಳಿಯಂಥ ಒಡವೆ ಮುಟ್ಟುವಂತಿಲ್ಲ. ಕುಶಲಕರ್ಮಿಯ ಹತಾರ, ರೈತನ ನೇಗಿಲು, ಉಳುಮೆಯ ದನ, ಅವನು ವಾಸವಿರುವ ಮನೆ, ಕೂಲಿಯವರ ಕೂಲಿ, ಪಿಂಚಣಿ, ಪಿ.ಎಫ್., ಜೀವ ವಿಮೆಯ ಹಣ ಇವಕ್ಕೆಲ್ಲ ಅದೇ ಸಂಹಿತೆಯ 60ನೇ ಕಲಂ ರಕ್ಷಣೆ ಕೊಟ್ಟಿದೆ. ಇದು ಸರಿಯಾಗಿಯೇ ಇದೆ. ಸಾಲ ವಸೂಲಿಯ ಹೆಸರಲ್ಲಿ ಒಂದು ಕುಟುಂಬವನ್ನು ಬೀದಿಗೆ ತರುವುದು ನ್ಯಾಯವಲ್ಲ. ನಮ್ಮ ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟು ಹೋಗಿದ್ದನ್ನು ನೋಡಿ, 2025ರಲ್ಲಿ ಸರ್ಕಾರ ಅದನ್ನು ತಡೆಯಲು ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು.

ಸಂಬಳದ ವಿಷಯಕ್ಕೆ ಬರೋಣ. ಇಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ನೌಕರನಿಗೇ ಬಿಡಬೇಕು, ಒಂದು ಪಾಲು ಜಪ್ತಿ ಮಾಡಬಹುದು. ಮೇಷ್ಟ್ರ ಸಾಲಗಾರನಿಗೆ ತಿಂಗಳಿಗೆ 40,000 ಸಂಬಳ ಇದ್ದರೆ, 39,000ದ ಮೂರನೇ ಒಂದು, ಅಂದರೆ 13,000 ರೂಪಾಯಿ ಕಡಿತ ಮಾಡಿ ಕೋರ್ಟಿಗೆ ಕಳಿಸುವಂತೆ ಅವನ ಆಫೀಸಿಗೆ ಆದೇಶ ಹೋಗುತ್ತದೆ. ಆದರೆ ಒಂದೇ ಡಿಕ್ರಿಗೆ 24 ತಿಂಗಳಿಗಿಂತ ಜಾಸ್ತಿ ಕಡಿತ ಮಾಡುವಂತಿಲ್ಲ. ಅಲ್ಲಿಗೆ 3,12,000 ರೂಪಾಯಿ ಆಯಿತು. ಉಳಿದದ್ದಕ್ಕೆ ಬೇರೆ ದಾರಿ ನೋಡಬೇಕು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಮೂರನೇ ಒಂದು ಪಾಲು ಮಾತ್ರ ನೌಕರನಿಗೆ, ಎರಡು ಪಾಲು ಜಪ್ತಿಗೆ ಸಿಗುತ್ತದೆ.

ಬಡ್ಡಿಯ ಲೆಕ್ಕವನ್ನೂ ನೋಡಿ. ಕೈಸಾಲದ ಡಿಕ್ರಿ ಮೇಲೆ ತೀರ್ಪಿನ ದಿನದಿಂದ ಕೋರ್ಟು ಕೊಡಬಹುದಾದ ಬಡ್ಡಿ ವರ್ಷಕ್ಕೆ ಹೆಚ್ಚೆಂದರೆ ಶೇ 6. ವ್ಯಾಪಾರದ ವ್ಯವಹಾರವಾದರೆ ಮಾತ್ರ ಅದಕ್ಕಿಂತ ಜಾಸ್ತಿ ಸಿಗಬಹುದು. ಮೇಷ್ಟ್ರ 5 ಲಕ್ಷಕ್ಕೆ ವರ್ಷಕ್ಕೆ 30,000 ರೂಪಾಯಿ. ಅದೇ ಸಾಲಗಾರ ಹೊರಗೆ ನೂರಕ್ಕೆ ಎರಡರ ಬಡ್ಡಿಗೆ ಸಾಲ ತಂದರೆ ವರ್ಷಕ್ಕೆ 1,20,000 ಕಟ್ಟಬೇಕು. ಹಾಗಾಗಿ ಡಿಕ್ರಿಯ ಹಣ ಕೊಡದೆ ಎಳೆದಾಡುವುದು ಅವನಿಗೆ ಸಿಗುವ ಅತಿ ಅಗ್ಗದ ಸಾಲ. ತಡ ಮಾಡಿದಷ್ಟೂ ಅವನಿಗೆ ಲಾಭ. ಈ ಒಂದು ಅಂಕಿ ಹಾಗೇ ಇರುವವರೆಗೆ, ಸೋತವನು ತಾನಾಗಿಯೇ ಬಂದು ಕಟ್ಟುತ್ತಾನೆ ಎಂದು ಕಾಯುವುದು ಸುಮ್ನೆ ದಂಡ.

"ಜೈಲಿಗೆ ಹಾಕಿಸಿ, ತಾನಾಗಿ ಕೊಡ್ತಾನೆ" ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸುಲಭವಲ್ಲ. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಸುಪ್ರೀಂ ಕೋರ್ಟ್ ತೀರ್ಪು ಇದಕ್ಕೆ ಗಟ್ಟಿ ಗೆರೆ ಹಾಕಿತು: ಬಡತನ ಅಪರಾಧವಲ್ಲ, ಕೊಡಲಾಗದವನನ್ನು ಜೈಲಿಗೆ ಕಳಿಸುವಂತಿಲ್ಲ. ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ, ಅಥವಾ ಮೋಸದಿಂದ ಆಸ್ತಿ ಸಾಗಿಸಿದ್ದಾನೆ, ಅಥವಾ ಓಡಿಹೋಗಲಿದ್ದಾನೆ ಎಂದು ತೋರಿಸಬೇಕು. ಮತ್ತೆ ಅದೇ ಜಾಗಕ್ಕೆ ಬಂದೆವು ನೋಡಿ. ಶಕ್ತಿ ಇದೆ ಎಂದು ತೋರಿಸಲು ಅವನ ಆಸ್ತಿಯ ಮಾಹಿತಿ ಬೇಕು. ಹಣದ ಡಿಕ್ರಿಯಲ್ಲಿ ಹೆಂಗಸರನ್ನು ಬಂಧಿಸುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಬಂಧಿಸಲು ಮನೆಗೆ ನುಗ್ಗುವಂತಿಲ್ಲ. 5,000ಕ್ಕಿಂತ ಜಾಸ್ತಿ ಬಾಕಿ ಇದ್ದರೆ ಹೆಚ್ಚೆಂದರೆ 3 ತಿಂಗಳು ಜೈಲು. ಜೈಲಿನಲ್ಲಿ ಅವನ ಊಟದ ಖರ್ಚನ್ನು ಮೇಷ್ಟ್ರೇ ಕಟ್ಟಬೇಕು, ಕಟ್ಟದಿದ್ದರೆ ಅವನನ್ನು ಬಿಟ್ಟುಬಿಡುತ್ತಾರೆ. ಜೈಲಿನಿಂದ ಬಂದ ಮಾತ್ರಕ್ಕೆ ಸಾಲ ತೀರುವುದಿಲ್ಲ, ಆದರೆ ಅದೇ ಡಿಕ್ರಿಗೆ ಮತ್ತೆ ಬಂಧಿಸುವಂತೆಯೂ ಇಲ್ಲ.

ಸರಿ, ಮೇಷ್ಟ್ರ ಅದೃಷ್ಟಕ್ಕೆ ಅವನ ಹೆಸರಿನಲ್ಲಿ ಒಂದು ಸೈಟು ಸಿಕ್ಕಿತು ಅನ್ನೋಣ. ಕೋರ್ಟು ಜಪ್ತಿ ಆದೇಶ ಮಾಡುತ್ತದೆ. ಊರಲ್ಲಿ ಡಂಗುರ ಹೊಡೆಸಿ, ಜಾಗದಲ್ಲಿ ನೋಟಿಸು ಅಂಟಿಸುತ್ತಾರೆ. ಆಮೇಲೆ ಅವನು ಅದನ್ನು ಬೇರೆಯವರಿಗೆ ಮಾರಿದರೂ ಮೇಷ್ಟ್ರ ಹಕ್ಕಿಗೆ ಧಕ್ಕೆ ಇಲ್ಲ. ನಂತರ ಹರಾಜಿನ ಪ್ರಕಟಣೆ. ಸ್ಥಿರಾಸ್ತಿಗೆ ಕನಿಷ್ಠ 15 ದಿನದ ಗಡುವು. ಸಾಲಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಮಾರಬೇಕು, ಇಡೀ ಆಸ್ತಿಯನ್ನಲ್ಲ. ಕೂಗಿ ಪಡೆದವರು ಆಗಲೇ ಶೇ 25 ಕಟ್ಟಬೇಕು, ಉಳಿದದ್ದನ್ನು 15 ದಿನದೊಳಗೆ. ಹರಾಜು ಆದ ಮೇಲೂ 60 ದಿನದವರೆಗೆ ಸಾಲಗಾರನಿಗೆ ಅವಕಾಶವಿದೆ. ಬಾಕಿ ಹಣ ಮತ್ತು ಕೊಂಡವರಿಗೆ ಶೇ 5 ಪರಿಹಾರ ಠೇವಣಿ ಇಟ್ಟರೆ ಹರಾಜು ರದ್ದಾಗುತ್ತದೆ. ಕಾಗದದ ಮೇಲೆ ಇದೆಲ್ಲ ಕೆಲವೇ ತಿಂಗಳ ಕೆಲಸ.

ವರ್ಷಗಳು ಕಳೆಯುವುದು ನಡುವೆ ಬರುವ ತಕರಾರು ಅರ್ಜಿಗಳಲ್ಲಿ. ಬಾವಮೈದುನ ಬಂದು "ಇದು ನನ್ನ ಜಾಗ" ಎನ್ನುತ್ತಾನೆ. ಮಗಳು ಬಂದು "ಪಿತ್ರಾರ್ಜಿತ, ನನಗೂ ಪಾಲಿದೆ" ಎನ್ನುತ್ತಾಳೆ. ಇವರಲ್ಲಿ ನಿಜವಾದ ಹಕ್ಕಿರುವವರೂ ಇರುತ್ತಾರೆ. ಅದಕ್ಕೇ ಕೋರ್ಟು ಕೇಳಲೇಬೇಕು. ಆದರೆ ಕಳಿಸಿದವರು ಯಾರೋ, ಬಂದವರು ಯಾರೋ ಎನ್ನುವಂಥವೂ ಬೇಕಾದಷ್ಟು ಇರುತ್ತವೆ. ಸುಳ್ಳು ತಕರಾರು ಎಂದು ಸಾಬೀತಾದರೆ ಸಾಮಾನ್ಯ ಸಿವಿಲ್ ಕೇಸಿನಲ್ಲಿ 35ಎ ಕಲಂ ಪ್ರಕಾರ ಹಾಕಬಹುದಾದ ಪರಿಹಾರ ವೆಚ್ಚ ಎಷ್ಟು ಗೊತ್ತಾ? ಹೆಚ್ಚೆಂದರೆ 3,000 ರೂಪಾಯಿ. ಐದಾರು ವರ್ಷ ಎಳೆಯಲು ಇಷ್ಟು ಸಾಕು ಅಂದರೆ ಯಾರು ತಾನೇ ಎಳೆಯುವುದಿಲ್ಲ?

2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ರೋಗಕ್ಕೆ ನೇರವಾಗಿ ಕೈ ಹಾಕಿತು. ಅದರ ಮುಂದೆ ಇದ್ದದ್ದು ನಮ್ಮದೇ ಬೆಂಗಳೂರಿನ ಮೈಸೂರು ರಸ್ತೆಯ ಒಂದು ಜಾಗದ ಕೇಸು. ಡಿಕ್ರಿ ಆಗಿ ದಶಕ ದಾಟಿದರೂ ತಕರಾರುಗಳು ಮುಗಿದಿರಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ಅವರಿದ್ದ ಪೀಠ ದೇಶದ ಎಲ್ಲ ಕೋರ್ಟುಗಳಿಗೆ 14 ನಿರ್ದೇಶನ ಕೊಟ್ಟಿತು. ಅಮಲ್ಜಾರಿ ಅರ್ಜಿ ಹಾಕಿದ 6 ತಿಂಗಳೊಳಗೆ ಮುಗಿಸಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿರ್ದೇಶನ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ ಎಂದು ನನ್ನ ಅನಿಸಿಕೆ. ಹಣದ ದಾವೆಗಳಲ್ಲಿ ವಿಚಾರಣೆ ಶುರುವಾಗುವ ಮೊದಲೇ, ಪ್ರತಿವಾದಿ ತನ್ನ ಆಸ್ತಿಯನ್ನು ಪ್ರಮಾಣ ಮಾಡಿ ತಿಳಿಸುವಂತೆ ಕೋರ್ಟು ಹೇಳಬಹುದು. ಬೇಕಾದರೆ ಭದ್ರತೆಯನ್ನೂ ಕೇಳಬಹುದು. ಅಂದರೆ ಆಸ್ತಿ ಸಾಗಿಸುವ ಮೊದಲೇ ಅದರ ಪಟ್ಟಿ ಕೋರ್ಟಿನ ಫೈಲಿನಲ್ಲಿ ಇರುತ್ತದೆ.

ಇದು ಸಾಮಾನ್ಯ ರೂಢಿಯಾಗಿದ್ದರೆ ಮೇಷ್ಟ್ರ ಕಥೆಯೇ ಬೇರೆ ಆಗುತ್ತಿತ್ತು. ತೀರ್ಪಿಗೆ ಮೊದಲೇ ಜಪ್ತಿ ಮಾಡಿಸುವ ಅವಕಾಶ 38ನೇ ಆದೇಶದಲ್ಲೂ ಇದೆ. ಆದರೆ ಅಲ್ಲಿ ಪ್ರತಿವಾದಿ ಡಿಕ್ರಿಯಿಂದ ತಪ್ಪಿಸಿಕೊಳ್ಳಲೆಂದೇ ಆಸ್ತಿ ಮಾರುತ್ತಿದ್ದಾನೆ ಎಂದು ತೋರಿಸಬೇಕು. ಭದ್ರತೆ ಇಲ್ಲದ ಸಾಲವನ್ನು ಭದ್ರತೆ ಇರುವ ಸಾಲವಾಗಿ ಮಾಡಿಕೊಳ್ಳಲು ಇದನ್ನು ಬಳಸಬಾರದು ಎಂದು 2008ರಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿತ್ತು. ಆ ಎಚ್ಚರಿಕೆಯಲ್ಲಿ ಅರ್ಥವಿದೆ. ಕೇಸು ಗೆಲ್ಲುವ ಮೊದಲೇ ಎದುರಾಳಿಯ ಕೈಕಟ್ಟಿದರೆ ಅದೂ ಅನ್ಯಾಯವೇ. ಆಸ್ತಿ ತಿಳಿಸು ಎಂದು ಕೇಳುವುದು ಮಾತ್ರ ಯಾರ ಕೈಯನ್ನೂ ಕಟ್ಟುವುದಿಲ್ಲ.

6 ತಿಂಗಳ ಗಡುವು ಏನಾಯಿತು? 2025ರ ಮಾರ್ಚ್‌ನಲ್ಲಿ ತಮಿಳುನಾಡಿನ ಒಂದು ಕೇಸಿನಲ್ಲಿ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಎಲ್ಲ ಹೈಕೋರ್ಟುಗಳಿಂದ ಬಾಕಿ ಅರ್ಜಿಗಳ ಲೆಕ್ಕ ಕೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೆಕ್ಕ ಬಂದಾಗ ದೇಶದ ಜಿಲ್ಲಾ ಕೋರ್ಟುಗಳಲ್ಲಿ ಬಾಕಿ ಇದ್ದ ಅಮಲ್ಜಾರಿ ಅರ್ಜಿಗಳು 8.82 ಲಕ್ಷಕ್ಕೂ ಹೆಚ್ಚು. ನಡುವಿನ ಆರು ತಿಂಗಳಲ್ಲಿ 3.38 ಲಕ್ಷ ಅರ್ಜಿ ಮುಗಿದಿದ್ದವು. ಅಂದರೆ ಮೇಲಿನಿಂದ ಒತ್ತಡ ಬಂದರೆ ಕೆಲಸ ಆಗುತ್ತದೆ. ನನಗೆ ಬೇಸರ ತಂದದ್ದು ಇನ್ನೊಂದು ಸಾಲು. ಕರ್ನಾಟಕದ ಲೆಕ್ಕ ಆಗ ಬಂದಿರಲಿಲ್ಲ. ಅದಕ್ಕೆ ನಮ್ಮ ಹೈಕೋರ್ಟಿನಿಂದ ವಿವರಣೆ ಕೇಳಲಾಯಿತು. ಬೆಂಗಳೂರಿನ ಕೇಸಿನಿಂದಲೇ ದೇಶಕ್ಕೆಲ್ಲ ನಿರ್ದೇಶನ ಹುಟ್ಟಿದ್ದು. ಅದರ ಲೆಕ್ಕ ಒಪ್ಪಿಸುವಾಗ ನಾವೇ ಹಿಂದೆ ಬಿದ್ದೆವಲ್ಲ.

ಇನ್ನು ಸರ್ಕಾರವೇ ಸಾಲಗಾರನಾದ ಕಥೆ. ಇದನ್ನು ಬರೆಯದೆ ಬಿಡಲು ಮನಸ್ಸಿಲ್ಲ. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಇದು ಹೊಸದಲ್ಲ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಗೆ ಜಮೀನು ಕೊಟ್ಟರು, ಮನೆ ಮುಳುಗಿತು, ಊರು ಬಿಟ್ಟರು. ಪರಿಹಾರ ಸಾಲದೆಂದು ಕೋರ್ಟಿಗೆ ಹೋದರು. ಕೋರ್ಟು ಜಾಸ್ತಿ ಮಾಡಿ ಆದೇಶ ಕೊಟ್ಟಿತು. ಆದರೂ ಹಣ ಬರದೆ ಅದೇ ಅಮಲ್ಜಾರಿ ಅರ್ಜಿ ಹಾಕಬೇಕಾಯಿತು. ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದಲ್ಲ, ಅದರ ಹಿಂದೆ ಬಹಳ ಸಲ ಇಂಥ ರೈತರೇ ಇರುತ್ತಾರೆ. ಅಪಘಾತ ಪರಿಹಾರ ಕಟ್ಟದ್ದಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಜಪ್ತಿಯಾಗುವುದೂ ಹೀಗೆಯೇ. ಜನ ಆ ಫೋಟೊ ನೋಡಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಕುರ್ಚಿಗಳನ್ನು ಹರಾಜು ಹಾಕಿದರೆ ಎಷ್ಟು ಬಂದೀತು? ಜಮೀನು ಕಳೆದುಕೊಂಡವರ ಬಾಕಿಯ ಒಂದು ಮೂಲೆಗೂ ಸಾಲದು. ಕುರ್ಚಿ ಹೊರಗೆ ಇಟ್ಟಾಗ ಅಧಿಕಾರಿಗಳು ಓಡಿ ಬಂದು "ಒಂದು ತಿಂಗಳು ಟೈಮ್ ಕೊಡಿ" ಎಂದು ಬರೆದುಕೊಡುತ್ತಾರೆ. ರೈತನಿಗೆ ಆ ದಿನ ಸಿಗುವುದು ಅಷ್ಟೇ.

ಸರ್ಕಾರದ ವಿರುದ್ಧದ ಡಿಕ್ರಿಗೆ ಸಾಮಾನ್ಯವಾಗಿ ಮೊದಲ 3 ತಿಂಗಳು ಅಮಲ್ಜಾರಿ ಮಾಡುವಂತಿಲ್ಲ. ಅದು ಕಟ್ಟಲು ಕೊಟ್ಟ ಸಮಯ. ಕಟ್ಟದೆ ಬಿಟ್ಟರೆ ನಷ್ಟ ಯಾರಿಗೆ? ಭೂಸ್ವಾಧೀನದ ಹೆಚ್ಚುವರಿ ಪರಿಹಾರದ ಮೇಲೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ ಓಡುತ್ತದೆ. ಮೇಷ್ಟ್ರಿಗೆ ಸಿಗುವ ಶೇ 6ರ ಎರಡೂವರೆ ಪಟ್ಟು. ಖಾಸಗಿ ಸಾಲಗಾರನಿಗೆ ತಡ ಮಾಡಿದರೆ ಲಾಭ, ಸರ್ಕಾರಕ್ಕೆ ನಷ್ಟ. ಆದರೂ ಸರ್ಕಾರ ತಡ ಮಾಡುತ್ತದೆ. ಯಾಕೆಂದರೆ ಆ ಬಡ್ಡಿ ಯಾವ ಅಧಿಕಾರಿಯ ಜೇಬಿನಿಂದಲೂ ಹೋಗುವುದಿಲ್ಲ, ನಮ್ಮೆಲ್ಲರ ತೆರಿಗೆಯಿಂದ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಎಂದು ಒಪ್ಪಂದದ ದರ ನಿಗದಿ ಮಾಡಿತು. ಒಪ್ಪಿ ತೆಗೆದುಕೊಂಡರೆ ಕೋರ್ಟಿನ ಅಲೆದಾಟವೇ ಬೇಡ ಎಂಬುದು ಇದರ ಹಿಂದಿನ ಲೆಕ್ಕ. ಆ ಹಣ ಹೇಳಿದ ದಿನಕ್ಕೆ ರೈತರ ಖಾತೆಗೆ ಬೀಳಬೇಕು. ಇಲ್ಲದಿದ್ದರೆ ಮತ್ತೊಂದು ತಲೆಮಾರು ಇ.ಪಿ. ನಂಬರು ಬಾಯಿಪಾಠ ಮಾಡಬೇಕಾಗುತ್ತದೆ.

ಬ್ಯಾಂಕುಗಳು ಈ ಸಾಲಿನಲ್ಲಿ ನಿಲ್ಲುವುದಿಲ್ಲ. ಅಡಮಾನದ ಸಾಲ ಕೆಟ್ಟರೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿನ ಡಿಕ್ರಿಯೇ ಇಲ್ಲದೆ ಆಸ್ತಿ ವಶಕ್ಕೆ ತೆಗೆದುಕೊಳ್ಳುತ್ತವೆ. ಕೃಷಿ ಜಮೀನಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಚೆಕ್ ಬೌನ್ಸ್ ಕೇಸಿನಲ್ಲಿ 2018ರ ತಿದ್ದುಪಡಿ ಆದ ಮೇಲೆ, ತೀರ್ಪಿಗೆ ಮೊದಲೇ ಚೆಕ್ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ಗ್ರಾಹಕ ಆಯೋಗದ ಆದೇಶ ಮೀರಿದರೆ 1 ತಿಂಗಳಿನಿಂದ 3 ವರ್ಷದವರೆಗೆ ಜೈಲಾಗಬಹುದು. ಅಂದರೆ ಬೇಕು ಅಂದುಕೊಂಡ ಕಡೆ ಸಂಸತ್ತು ವಸೂಲಿಗೆ ಹಲ್ಲು ಕೊಟ್ಟಿದೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ಗೆದ್ದ ಫ್ಲಾಟ್ ಖರೀದಿದಾರರ ಪಾಡು ಮಾತ್ರ ಮೇಷ್ಟ್ರ ಹಾಗೇ ಇದೆ. ವಸೂಲಿ ಪತ್ರ ಡಿ.ಸಿ. ಕಚೇರಿಗೆ ಹೋಗುತ್ತದೆ, ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು. ಬಿಲ್ಡರ್ ಹೆಸರಲ್ಲಿ ಏನಿದೆ ಎಂದು ಹುಡುಕುವ ಹೊತ್ತಿಗೆ ಅದೇ ಗೋಡೆ ಎದುರಾಗುತ್ತದೆ.

ಕರಾವಳಿಯವರಿಗೆ, ಗಲ್ಫ್‌ನಲ್ಲಿ ಇರುವವರಿಗೆ ಒಂದು ವಿಷಯ. 2020ರ ಜನವರಿಯಿಂದ ಯು.ಎ.ಇ. ಸಿವಿಲ್ ಕೋರ್ಟುಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ನೇರವಾಗಿ ಅಮಲ್ಜಾರಿಗೆ ತರಬಹುದು. ದುಬೈಯಲ್ಲಿ ಬಾಕಿ ಬಿಟ್ಟು ಊರಿಗೆ ಬಂದರೆ ಮುಗಿಯಿತು ಎನ್ನುವ ಕಾಲ ಹೋಯಿತು. ಅಮೆರಿಕದ ತೀರ್ಪಿಗೆ ಈ ಸೌಲಭ್ಯ ಇಲ್ಲ, ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆಯನ್ನೇ ಹಾಕಬೇಕು.

ಮೇಷ್ಟ್ರಿಗೆ ಸಮಯ ಎಷ್ಟಿದೆ? ಹಣದ ಡಿಕ್ರಿ ಜಾರಿಗೆ 12 ವರ್ಷ. ಎದುರಾಳಿ ಅಪೀಲು ಹಾಕಿದ್ದಾನೆ ಎಂದು ಕೈಕಟ್ಟಿ ಕೂರಬೇಕಿಲ್ಲ. ತಡೆಯಾಜ್ಞೆ ಇಲ್ಲದಿದ್ದರೆ ಅಮಲ್ಜಾರಿ ನಡೆಯುತ್ತದೆ. ಸಾಲಗಾರ ತೀರಿಹೋದರೂ ಅವನು ಬಿಟ್ಟುಹೋದ ಆಸ್ತಿಯಷ್ಟರ ಮಟ್ಟಿಗೆ ವಾರಸುದಾರರು ಹೊಣೆ. ತಪ್ಪಿಸಿಕೊಳ್ಳಲೆಂದೇ ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿದ್ದರೆ ಅದನ್ನು ಪ್ರಶ್ನಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಇದೆ. ಜಪ್ತಿ ಆದೇಶ ಆದ ಕೂಡಲೇ ಅದರ ಪ್ರತಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಮುಟ್ಟಿಸಿ, ಜಮೀನಾದರೆ ಪಹಣಿಯಲ್ಲೂ ನಮೂದು ಮಾಡಿಸಿದರೆ ಮುಂದೆ ಕೊಳ್ಳಲು ಬರುವವರಿಗೆ ಮೊದಲೇ ಗೊತ್ತಾಗುತ್ತದೆ.

ಬಹಳ ಸಲ ಕೊನೆಗೆ ಆಗುವುದು ರಾಜಿಯೇ. ಲೋಕ ಅದಾಲತ್‌ನಲ್ಲಿ ಕೂತು, ಬಡ್ಡಿ ಸ್ವಲ್ಪ ಬಿಟ್ಟು, ತಿಂಗಳಿಗೆ ಇಷ್ಟು ಎಂದು ಕಂತು ಮಾಡಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಸಾಲಗಾರನಿಗೂ ಬದುಕಿದೆ, ಅಲ್ವಾ? ಆದರೆ ಕೋರ್ಟಿನ ಹೊರಗೆ ಕೈಗೆ ಕೈ ಕೊಟ್ಟ ಪ್ರತಿ ಕಂತನ್ನೂ ಕೋರ್ಟಿನಲ್ಲಿ ದಾಖಲು ಮಾಡಿಸಬೇಕು. ಮಾಡಿಸಲು ಸಾಲಗಾರನಿಗೆ ಇರುವುದು 30 ದಿನ. ದಾಖಲಾಗದ ಹಣವನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಟ್ಟ ದುಡ್ಡನ್ನೇ ಎರಡನೇ ಸಲ ಕೊಡಬೇಕಾಗಿ ಬಂದ ಬಡವರೂ ಇದೇ ಕೋರ್ಟಿನ ಜಗಲಿಯಲ್ಲಿ ಕೂತಿರುತ್ತಾರೆ.